ಮಡಕೆ ಕೆಳಗಿನ ಮರಳು

೧೨-೪-೨೦೦೮, ಶನಿವಾರ

ನೀರಿನ ಮಡಕೆ ಒಡೆದೋಯ್ತು. ಚಾಮರಾಜನಗರದ ನಜೀಮಾ, ಬಿಟ್ಟೋದ ನಾಯಿಗಳನ್ನ ಸಾಕೋಳು, ಅವಳ ಮನೆಯಿಂದ ಮೊಮ್ಮಗಳು ಭವ್ಯ ಹಸ್ಕಿ ಅನ್ನೋ ಹಿಮದ ಸೀಮೆ ನಾಯಿಮರಿ ತಂದು ಇನ್ನೂ ವಾರ ಆಗಿಲ್ಲ. ಮೈಮೇಲೆ ಕಂಬಳಿಯಂಥ ಕೂದಲು, ಮೇಲೆ ಗುಂಡ್ಲುಪೇಟೆ ಬಿಸಿಲು. ಮಡಕೆ ತಂಪಿರಲಿ ಅಂತ ಕೆಳಗೆ ಹಾಕಿದ್ದ ಒದ್ದೆ ಮರಳು ಕೆರೆದು, ಮಡಕೆ ಉರುಳಿಸಿ, ಅಲ್ಲೇ ಮದುವಣಿಗನಂಗೆ ಮಲಗಿತ್ತು.

"ನಾಳೆನೇ ವಾಪಸ್ ಬುಟ್ಟು ಬಾ ಕಣಮ್ಮಿ" ಅಂದೆ. ಭವ್ಯ ಊಟ ಬಿಟ್ಟು ಕೂತ್ಲು.

ಸಂಜೆ ನಜೀಮಾ ಫೋನು. "ಅಜ್ಜಿ, ಒಗ್ಗದಿದ್ರೆ ಬಂದು ಕರ್ಕೊಂಡೋಗ್ಲಾ?"

ಆ ಕಳ್ಳಮುಂಡೇದು ನನ್ನ ಪಾದದ ಮೇಲೆ ಗಲ್ಲ ಇಟ್ಟು ನೋಡ್ತಿತ್ತು.

"ಅದೇನ್ ಮಾಡ್ತದವ್ವ, ಬಲು ಸಾಧು" ಅಂದ್ಬುಟ್ಟೆ.

ಹೊಸ ಮಡಕೆಗೆ ಬೇರೆ ಜಾಗ ನೋಡಬೇಕು. ಆ ಮರಳಿಗೆ ಈಗ ಒಂದು ಚೊಂಬು ನೀರು ಹುಯ್ದು ಬಂದೆ. ಒಣಗಿದ್ರೆ ಮರಿ ಊಳಿಡ್ತದೆ, ಆಮೇಲೆ ನನಗೆ ನಿದ್ದೆ ಇಲ್ಲ.