ಬಲಗಣ್ಣಿನ ಲೆಕ್ಕ

ಅಕ್ಟೋಬರ್ 3. ಸಂಜೆ

ಮಾತ್ರೆ ನುಂಗಿದ್ದಾಯಿತು. ಕಣ್ಣಿಗೆ ಡ್ರಾಪ್ಸ್ ಹಾಕಿದ್ದಾಯಿತು. ತಾರಸಿ ಹತ್ತಿ, ನನ್ನ ಪುಟ್ಟ ದುರ್ಬೀನಿನಲ್ಲಿ ನೋಡಿ ಇಳಿದೆ. ಮಂಡಿ ಬೈಯುತ್ತಿದೆ, ಬೈಯಲಿ.

ಗಡಿಬಿಡಿ ಇವತ್ತು ಭಾರಿ ಜೋರಿನಲ್ಲಿದೆ. ನಕ್ಷತ್ರಗಳ ಪಟ್ಟಿಯಲ್ಲಿ ಅದಕ್ಕೆ ಉದ್ದದ ನಂಬರು, ನನ್ನ ಬಾಯಲ್ಲಿ ಗಡಿಬಿಡಿ. ಅರ್ಧ ದಿನಕ್ಕೊಮ್ಮೆ ಉಬ್ಬಿ ಕುಗ್ಗುವ ನಕ್ಷತ್ರಕ್ಕೆ ಇನ್ನೇನು ಹೆಸರಿಡಲಿ. ಪಕ್ಕದಲ್ಲಿ ಎಂದೂ ಬದಲಾಗದ ಇಬ್ಬರು, ಬೆಳಕು ಹೆಚ್ಚಿನ ದೊಡ್ಡಕ್ಕ ಮತ್ತು ಬೆಳಕು ಕಡಿಮೆಯ ಚಿಕ್ಕಕ್ಕ. ಇಬ್ಬರದೂ ಸ್ವಲ್ಪ ಕೆಂಪು ಬಣ್ಣ. ಅವರ ಬೆಳಕಿನ ನಡುವಿನ ಅಂತರವನ್ನು ಹತ್ತು ಪಾಲು ಮಾಡಿ, ಗಡಿಬಿಡಿ ಎಷ್ಟನೇ ಪಾಲಿನಲ್ಲಿದೆ ಅಂತ ಹೇಳುವುದು ನನ್ನ ಕೆಲಸ. ಇವತ್ತು ದೊಡ್ಡಕ್ಕನ ಹೆಗಲಿಗೇ ಬಂದು ನಿಂತಿತ್ತು.

ಈಗ ನೋಡುವುದು ಪೊರೆ ತೆಗೆಸಿದ ಎಡಗಣ್ಣಲ್ಲಿ — ಅಬ್ಬ, ಏನು ಚುರುಕು. ಬಲಗಣ್ಣಿನ ಆಪರೇಷನ್ನಿಗೆ 20ನೇ ತಾರೀಖು ಗೊತ್ತುಮಾಡಿದ್ದಾರೆ.

ಅಕ್ಟೋಬರ್ 5. ಭಾನುವಾರ

ಸೊಸೆ ಬಂದಿದ್ದಳು. ಮಗ ಬರಲಿಲ್ಲ. ಯಾರದೋ ಹಲ್ಲು ಕೀಳಬೇಕಂತೆ, ಭಾನುವಾರವೂ.

ನಕ್ಷತ್ರಗಳ ಮೇಲೆ ಸಂಶೋಧನೆ ಮಾಡುವ ಅವಳಿಗೆ ಗಡಿಬಿಡಿ ನೋಡಲು ದೊಡ್ಡ ಟೆಲಿಸ್ಕೋಪಿನಲ್ಲಿ ಎರಡು ರಾತ್ರಿ ಸಿಕ್ಕಿದೆ. ಎರಡೇ. ಗಡಿಬಿಡಿಗೆ ಇನ್ನೊಂದು ಚಾಳಿ ಇದೆ. ಸುಮಾರು ನಲವತ್ತು ದಿನಕ್ಕೊಮ್ಮೆ ಅದರ ಉಬ್ಬರವೇ ಜೋರಾಗುತ್ತದೆ, ಆಮೇಲೆ ಸಪ್ಪೆಯಾಗುತ್ತದೆ. ಯಾಕೆ ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ.

"ಒಳಗೆ ಅಯಸ್ಕಾಂತದ ಶಕ್ತಿ ಇರಬಹುದು ಅತ್ತೆ. ಅದು ವಾರೆಯಾಗಿ ಕೂತಿದ್ರೆ, ನಕ್ಷತ್ರ ತಿರುಗಿದ ಹಾಗೆ ಒಂದ್ಸಲ ಜೋರು, ಒಂದ್ಸಲ ಸಪ್ಪೆ ಕಾಣುತ್ತೆ. ಹಾಗಿದ್ರೆ ಅದರ ಬೆಳಕಲ್ಲಿ ಕೂದಲೆಳೆಯಷ್ಟು ಗುರುತು ಸಿಗ್ಬೇಕು."

"ಸಿಗದೇ ಇದ್ರೆ?"

"ಇಲ್ಲ ಅಂತ ಗಟ್ಟಿಯಾಗಿ ಹೇಳ್ತೀನಿ. ಅದೂ ಒಂದು ಉತ್ತರನೇ. ಆದ್ರೆ ಉಬ್ಬರ ಪೂರ್ತಿ ಜೋರಾಗಿರೋ ದಿನಾನೇ ನೋಡಿರ್ಬೇಕು. ಇಲ್ದಿದ್ರೆ ಏನು ಹೇಳಿದ್ರೂ ಯಾರೂ ನಂಬಲ್ಲ."

ಆ ದಿನ ಯಾವುದು? ಆಕಾಶ ಕಾಯುವ ಕ್ಯಾಮೆರಾಗಳಿಗೆ ಗಡಿಬಿಡಿ ಅತಿ ಬೆಳಕಾಯಿತು, ಚಿತ್ರ ಕಲಸಿಹೋಗುತ್ತದಂತೆ. ನಮ್ಮ ಹವ್ಯಾಸಿಗಳ ಗುಂಪಿನ ಉಳಿದವರಿಗೆಲ್ಲ ಮೋಡ. ಮಿಕ್ಕವಳು ನಾನು. ಗಿರಣಿಯಲ್ಲಿ ಬಟ್ಟೆಯ ಶೇಡ್ ನೋಡಿ ಪಾಸು-ಫೇಲು ಮಾಡುತ್ತಿದ್ದವಳ ಕಣ್ಣು.

ಹೇಳಿದೆ — ಈ ಸಲ ಬೇಗ ಬರುತ್ತಿದೆ, 15-16 ಇಟ್ಟುಕೋ. ಅಲ್ಲೇ ಕೂತು ಮೇಲ್ ಕಳಿಸಿದಳು. ನನ್ನನ್ನು ಎರಡನೇ ಸಲ ಕೇಳಲಿಲ್ಲ. ಅದಕ್ಕೆ ತುಂಬ ಖುಷಿಯಾಯಿತು, ಸುಳ್ಳು ಯಾಕೆ.

ಅಕ್ಟೋಬರ್ 9. ಮಧ್ಯಾಹ್ನ

ಕೆಟ್ಟೆ.

ಹಾಸಿಗೆ ಬಟ್ಟೆ ಒಣಗಿಸುತ್ತಿದ್ದೆ. ಬಲಗಣ್ಣಿಗೆ ಸೋಪಿನ ನೊರೆ ಹಾರಿತು, ಮುಚ್ಚಿಕೊಂಡೆ. ಬಟ್ಟೆ ಬೆಳ್ಳಗೆ ನೀಲಿ ಹಾಕಿದ ಹಾಗಿತ್ತು. ಆಮೇಲೆ ಎಡಗಣ್ಣು ಮುಚ್ಚಿ ನೋಡಿದೆ. ಅದೇ ಬಟ್ಟೆ. ಟೀ ಚೆಲ್ಲಿ ಒಗೆದ ಬಣ್ಣ.

ಹಗ್ಗ ಹಿಡಿದು ನಿಂತೇ ಇದ್ದೆ. ಪೊರೆ ಬಂದ ಕಣ್ಣು ಹಳದಿ ಗಾಜಿನ ಹಾಗೆ, ನೀಲಿಯನ್ನು ತಡೆಯುತ್ತದೆ. ಪೊರೆ ತೆಗೆದ ಮೇಲೆ ನೀಲಿಯೆಲ್ಲ ಒಳಗೆ. ಗಡಿಬಿಡಿ ಉಬ್ಬಿದಾಗ ಬಿಸಿಯಾಗಿ ನೀಲಿಗೆ ತಿರುಗುತ್ತದೆ. ಅಕ್ಕಂದಿರು ಕೆಂಪು. ಅಂದರೆ ಜೋರಾದದ್ದು ನಕ್ಷತ್ರ ಅಲ್ಲ. ನನ್ನ ಕಣ್ಣು.

ಶೇಡ್ ನೋಡುವವಳಿಗೆ ಇದು ತೋಚಲಿಲ್ಲವೇ! ಗಿರಣಿಯಲ್ಲಿ ಟ್ಯೂಬ್‌ಲೈಟ್ ಬದಲಾಯಿಸಿದರೆ ಹಳೇ ಸ್ಯಾಂಪಲ್ ಎಲ್ಲ ಮತ್ತೆ ನೋಡಿ ಅಂತ ಗದರುತ್ತಿದ್ದವಳು ನಾನು.

ಸಂಜೆ

ಬಲಗಣ್ಣಿನಲ್ಲಿ ನೋಡಿದೆ. ಎಲ್ಲ ಮಬ್ಬು, ಆದರೆ ಮೂವರೂ ಒಂದೇ ಸಮ ಮಬ್ಬು, ಹೋಲಿಸುವುದಕ್ಕೆ ಅಡ್ಡಿಯಿಲ್ಲ. ಗಡಿಬಿಡಿ ಇನ್ನೂ ದೊಡ್ಡಕ್ಕನ ಹೆಗಲಿಗಿಂತ ಎರಡು ಪಾಲು ಕೆಳಗೇ. ಜೋರಾಗಲು ಬಹಳ ದಿನ ಇದೆ.

ಫೋನ್ ಕೈಗೆ ತೆಗೆದುಕೊಂಡೆ. ಇಟ್ಟೆ.

ಅಕ್ಟೋಬರ್ 11

ಹೇಳಿದೆ. ಎರಡು ದಿನ ನುಂಗಿಕೊಂಡು ಕೂತಿದ್ದು ನನ್ನ ಜಂಬ, ಬೇರೇನಲ್ಲ. ಮಗ ಫೋನ್ ಮಾಡಿದರೂ ಸಿಡಿಸಿಡಿ ಅಂದೆ. ಅವನು ಪಾಪ, "ಹಲ್ಲು ನೋವಾ ಅಮ್ಮ?" ಅಂದ.

ಸೊಸೆ ಎಲ್ಲ ಕೇಳಿಸಿಕೊಂಡಳು.

"ಗುರುವಾರನೇ ಗೊತ್ತಾಗಿತ್ತಾ ನಿಮಗೆ?"

"ಹೂಂ."

"ಎರಡು ದಿನ ಹೋಯ್ತಲ್ಲ ಅತ್ತೆ. ತಪ್ಪಾದ್ರೆ ಆಗ್ಲಿ, ಅದು ಎಲ್ರಿಗೂ ಆಗುತ್ತೆ. ಗೊತ್ತಾದ ಕೂಡ್ಲೇ ಹೇಳ್ಬೇಕಲ್ವಾ? ನಾನೇನು ನಿಮ್ಮನ್ನ ತಿಂದುಬಿಡ್ತೀನಾ?"

ಅವಳು ಹಾಗೆ ಮಾತಾಡಿದ್ದು ಇದೇ ಮೊದಲು. ಚುರುಕ್ ಅಂದಿತು. ಸರಿಯಾಗಿಯೇ ಅಂದಳು.

ಆಮೇಲೆ ದನಿ ಇಳಿಸಿ ಕೇಳಿದಳು, "ಈಗ ಬಲಗಣ್ಣು ಏನ್ ಹೇಳುತ್ತೆ?"

"24, 25. ಒಂದು ದಿನ ಆಚೆ ಈಚೆ."

"ಸರಿ. ಯಾರದಾದ್ರೂ ಕಾಲು ಹಿಡ್ಕೊಂಡು ರಾತ್ರಿ ಅದಲುಬದಲು ಮಾಡ್ಕೋತೀನಿ. ನೀವು ದಿನಾ ನೋಡ್ತಿರಿ. ಬಲಗಣ್ಣಲ್ಲೇ."

ಮತ್ತೆ ನಂಬಿದಳು. ಕಣ್ಣು ತುಂಬಿತು, ಎರಡೂ.

ಅಕ್ಟೋಬರ್ 14

ರಾತ್ರಿ ಸಿಕ್ಕಿತು. ಧೂಮಕೇತು ನೋಡುವ ಯಾರೋ ಪುಣ್ಯಾತ್ಮ ಬಿಟ್ಟುಕೊಟ್ಟನಂತೆ. ಬದಲಿಗೆ ಅವನ ಒಂದು ತಿಂಗಳ ಲೆಕ್ಕಾಚಾರ ಇವಳು ಮಾಡಿಕೊಡಬೇಕು.

ನಾನು ಆಸ್ಪತ್ರೆಗೆ ಫೋನ್ ಮಾಡಿ 20ನೇ ತಾರೀಖು ಬೇಡ ಅಂದೆ. ಈ ಹಳದಿ ಕಣ್ಣು ಈಗ ಹೋದರೆ ಹಳೆಯ ಲೆಕ್ಕಕ್ಕೆ ಕೊಂಡಿಯೇ ಇಲ್ಲ. ಸೊಸೆಗೆ ಸಿಟ್ಟು ಬಂತು.

"ನಕ್ಷತ್ರ ಎಲ್ಲೂ ಓಡಿಹೋಗಲ್ಲ ಅತ್ತೆ. ಮೆಟ್ಟಿಲಲ್ಲಿ ಬಿದ್ರೆ ಯಾರು ನೋಡ್ತಾರೆ?"

"ನೀನು" ಅಂದೆ. ನಕ್ಕುಬಿಟ್ಟಳು. ಎರಡು ವಾರ ಮಾತ್ರ ಅಂತ ಒಪ್ಪಂದ.

ಅಕ್ಟೋಬರ್ 21

ಏರುತ್ತಿದೆ. ಬಲಗಣ್ಣಿಗೂ ದೊಡ್ಡಕ್ಕನ ಹೆಗಲು ಕಾಣತೊಡಗಿದೆ. ಬಾಯಿಬಿಟ್ಟು ಹೇಳಲು ಭಯ.

ಅಕ್ಟೋಬರ್ 24

ಇಲ್ಲಿ ಮೋಡ. ಅಲ್ಲಿ?

ಅಕ್ಟೋಬರ್ 26. ಬೆಳಿಗ್ಗೆ

ಅಲ್ಲಿ ಎರಡೂ ರಾತ್ರಿ ಸ್ವಚ್ಛ. ಫೋನಿನಲ್ಲಿ ಅವಳ ದನಿ ನಿದ್ದೆಯಿಲ್ಲದೆ ಒಡೆದುಹೋಗಿತ್ತು.

"ಪೂರ್ತಿ ಜೋರಲ್ಲಿತ್ತು ಅತ್ತೆ. ಶಿಖರದಲ್ಲೇ ಹಿಡಿದ್ವಿ. ನಿಮ್ಮ ಬಲಗಣ್ಣಿಗೆ ಒಂದು ನಮಸ್ಕಾರ."

ಮಂಚದ ಮೇಲೆ ಕೂತುಬಿಟ್ಟೆ. ಆಮೇಲೆ ಕೇಳಿದೆ, ಆ ಅಯಸ್ಕಾಂತ?

"ಏನೋ ಸಣ್ಣದಾಗಿ ಇದ್ದ ಹಾಗಿದೆ. ಉಪಕರಣದ್ದೇ ಕಿತಾಪತಿ ಇರಬಹುದು. ಅಯಸ್ಕಾಂತ ಇಲ್ದಿರೋ ನಕ್ಷತ್ರಾನೂ ಅದರಲ್ಲೇ ನೋಡಿದೀವಿ, ಅದಕ್ಕೆ ಹೋಲಿಸ್ಬೇಕು. ತಿಂಗಳುಗಟ್ಟಲೆ ಕೆಲಸ. ನಿಮ್ಮ ಮಗನಿಗೆ ಹೇಳ್ಬೇಡಿ, ಬಾಯಿ ತೆರೆದು ಕೂತೋರಿಗೆಲ್ಲ ಸುದ್ದಿ ಹೇಳ್ತಾರೆ."

ಇದೆ ಅನ್ನಲಿಲ್ಲ. ಇಲ್ಲ ಅನ್ನಲೂ ಇಲ್ಲ. ಯಾವುದು ಬಂದರೂ ಈಗ ಜನ ಕೇಳಿಸಿಕೊಳ್ಳುತ್ತಾರೆ. ಅಷ್ಟು ಸಾಕು ನನಗೆ.

ನವೆಂಬರ್ 2. ಸಂಜೆ 7

ನಾಳೆ ಬಲಗಣ್ಣು. ಸೊಸೆ ರಜೆ ಹಾಕಿ ಬಂದಿದ್ದಾಳೆ. ಇವತ್ತು ಎರಡೂ ಕಣ್ಣಿನಲ್ಲಿ ಒಂದಾದ ಮೇಲೊಂದು ನೋಡಿ ವ್ಯತ್ಯಾಸ ಬರೆದಿಡಬೇಕು. ಹಾಗಾದರೆ ಹಳೆಯ ಲೆಕ್ಕ, ಹೊಸ ಲೆಕ್ಕ ಜೋಡಿಸಬಹುದು.

ನನ್ನದು ಮುಗಿಯಿತು. ನೀನೂ ನೋಡು ಅಂದೆ. ಹಿಂದೆ ಸರಿದಳು.

"ನಾನು ಇದನ್ನ ಕಣ್ಣಾರೆ ನೋಡೇ ಇಲ್ಲ ಅತ್ತೆ. ಬರೀ ಸ್ಕ್ರೀನಲ್ಲಿ ಗೆರೆ."

ಎಂಟು ವರ್ಷದಿಂದ ಅದರ ಹಿಂದೆ ಬಿದ್ದವಳು! ನಂಬಲಾಗಲಿಲ್ಲ. ದುರ್ಬೀನಿನ ಮುಂದೆ ಸ್ಟೂಲ್ ಎಳೆದು ಕೂರಿಸಿದೆ. ದೊಡ್ಡಕ್ಕ, ಚಿಕ್ಕಕ್ಕ, ನಡುವೆ ಗಡಿಬಿಡಿ. "ಇಷ್ಟು ಪುಟ್ಟದಾ?" ಅಂದಳು, ಮಗುವಿನ ದನಿಯಲ್ಲಿ. ಹತ್ತು ಪಾಲು ಮಾಡು ಅಂದೆ. ಬಹಳ ಹೊತ್ತು ನೋಡಿ ಹೇಳಿದಳು. ನನ್ನದು ಎಷ್ಟು ಅಂತ ಹೇಳಲಿಲ್ಲ, ಅವಳದು ಕೆಡಬಾರದಲ್ಲ.

ಕೆಳಗೆ ಬಂದು ಬರೆದುಕೊಳ್ಳುತ್ತಿದ್ದೇನೆ. ನನ್ನ ಎಡಗಣ್ಣಿನದಕ್ಕೂ ಅವಳದಕ್ಕೂ ಅರ್ಧ ಪಾಲು ವ್ಯತ್ಯಾಸ, ಅಷ್ಟೇ. ಮೊದಲ ಸಲಕ್ಕೆ ಯಾರಿಗೂ ಇಷ್ಟು ಬರುವುದಿಲ್ಲ. ಗಿರಣಿಯಲ್ಲಿದ್ದಿದ್ದರೆ ಅಂದೇ ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದೆ.

ಮೇಲಿಂದ ಕೂಗುತ್ತಿದ್ದಾಳೆ, ಇಡೀ ಬೀದಿಗೆ ಕೇಳುವ ಹಾಗೆ — "ಅತ್ತೆ, ಬೇಗ ಬನ್ನಿ, ಉಬ್ತಾ ಇದೆ, ನನ್ನ ಕಣ್ಣೆದುರಿಗೇ ಉಬ್ತಾ ಇದೆ."

ಬಂದೆ ಅಂದೆ. ಉಳಿದದ್ದು ಆಮೇಲೆ.