ತಿರುಗಿ ಬಂದ ದೀಪ

ಆದವಾನಿ
೨-೧೨-೨೦೨೫, ಮಂಗಳವಾರ

ಪ್ರೀತಿಯ ಅಮ್ಮಾ,

ಇಲ್ಲಿಂದಲೇ ನಿನ್ನ ಕಾಲಿಗೆ ಬೀಳುತ್ತಿದ್ದೇನೆ. ಮಡಿಯಲ್ಲಿದ್ದರೂ ಹಿಂದೆ ಸರಿಯಬೇಡ, ಇದು ಬರೀ ಕಾಗದ. ಮೊಣಕಾಲು ನೋವು ಹೇಗಿದೆ? ರಾತ್ರಿ ಎಣ್ಣೆ ತಿಕ್ಕಿಸಿಕೊಳ್ಳುತ್ತೀಯೋ, ಇಲ್ಲಾ ಸುಷಮಾ ವೈನಿಗೆ ಯಾಕೆ ತೊಂದರೆ ಅಂತ ಹಲ್ಲು ಕಚ್ಚಿ ಮಲಗುತ್ತೀಯೋ? ನಾಗಲದಿನ್ನೆಯಲ್ಲಿ ಹೊಳೆಯ ಗಾಳಿ ಈಗ ಕೊರೆಯುತ್ತಿರಬೇಕು, ಕಿವಿಗೆ ಹತ್ತಿ ಇಟ್ಟುಕೋ. ಇಲ್ಲಿ ನಿನ್ನ ಅಳಿಯಂದಿರ ಬಿಪಿ ಸರಿಯಾಗಿದೆ. ನನಗೇ ಏನೋ ಆಗಿದೆ. ಪ್ರವಾಸದಿಂದ ಬಂದು ಮೂರು ವಾರವಾಯಿತು, ಕೈಗೆ ಕೆಲಸ ಹತ್ತುತ್ತಿಲ್ಲ. ಹಾಲು ಒಲೆಯ ಮೇಲಿಟ್ಟು ಅಂಗಳಕ್ಕೆ ಹೋಗುತ್ತೇನೆ, ಅಂಗಳದಿಂದ ಗೇಟಿಗೆ, ಅಲ್ಲಿ ಯಾಕೆ ಬಂದೆ ಅಂತ ಯೋಚಿಸುವಷ್ಟರಲ್ಲಿ ಹಾಲು ಸೀದ ವಾಸನೆ. "ಮೈ ಇಲ್ಲೇ ಅದ, ಜೀವ ಎಲ್ಲ್ಯದ?" ಅಂತ ಇವರು ಕಾಡಿಸುತ್ತಾರೆ. ಜೀವ ನಿನ್ನ ಬಾಗಿಲಲ್ಲಿ ನಿಂತಿದೆ, ನೀನು ಒಳಗೆ ಕರೆಯುತ್ತಿಲ್ಲ.

ಫೋನ್ ಮಾಡಿದರೆ "ಸಮುದ್ರ ದಾಟಿದಾಕಿ ಜೋಡಿ ನನಗೇನು ಮಾತು" ಅಂತ ವೈನಿಯ ಕೈಗೆ ಕೊಡುತ್ತೀ. ಬಂದ ವಾರವೇ ಊರಿಗೆ ಓಡಿ ಬಂದೆನಲ್ಲ, ಆಗಲೂ ನೀನು ದೇವರ ಮನೆಯಿಂದ ಹೊರಗೇ ಬರಲಿಲ್ಲ. ಸೇತುಮಾಧವಣ್ಣ ಗುಡಿಯ ಪೂಜೆ ಮಾಡುವವನು, ಅವನೇ "ಪಂಚಗವ್ಯ ತಗೊಂಡ್ರ ಮುಗೀತು, ಬಾ" ಅಂದ. ತಗೊಂಡೆ. ಆದರೂ ನಿನ್ನ ಬಾಗಿಲು ತೆರೆಯಲಿಲ್ಲ. ಅದಕ್ಕೇ ಈ ಕಾಗದ. ಅಣ್ಣ ತೆಲುಗು ಮೀಡಿಯಂ, ಅವನಿಗೆ ಸ್ತೋತ್ರವೂ ತೆಲುಗು ಅಕ್ಷರದಲ್ಲೇ ಬೇಕು. ವೈನಿ, ಮಕ್ಕಳು ಎಲ್ಲರದೂ ಅದೇ ಕಥೆ. ಆ ಮನೆಯಲ್ಲಿ ಕನ್ನಡ ಓದುವವಳು ನೀನೊಬ್ಬಳೇ. ನನಗೆ ಪಾಟಿಯ ಮೇಲೆ ತಿದ್ದಿಸಿದವಳೂ ನೀನೇ, ಈಗ ಅನುಭವಿಸು.

ವೆನಿಸ್ ಸುದ್ದಿ ನೀನು ಕೇಳದಿದ್ದರೂ ಹೇಳುತ್ತೇನೆ. ರೈಲು ಇಳಿದು ಹೊರಗೆ ಬಂದರೆ ರಸ್ತೆಯೇ ಇಲ್ಲಮ್ಮಾ! ಮೆಟ್ಟಿಲು, ಮೆಟ್ಟಿಲ ಕೆಳಗೆ ನೀರು, ನೀರಿನ ಮೇಲೆ ಬಸ್ಸಿನಂತೆ ಬರುವ ದೋಣಿ. ಕಂಡಕ್ಟರಮ್ಮ ಹಗ್ಗ ಬಿಗಿಯುತ್ತಾಳೆ, ಜನ ಇಳಿಯುತ್ತಾರೆ, ಹತ್ತುತ್ತಾರೆ. ನಮ್ಮ ಟೂರಿನಲ್ಲಿ ಹಾಲಹರವಿಯ ಮಹಾಂತಮ್ಮ ಅಂತ ಒಬ್ಬರಿದ್ದರು, "ಅಯ್ಯೋ ಶಿವನ, ಇದು ನಮ್ಮ ಆದವಾನಿ ಬಸ್ಸೇ ಐತ್ರಿ, ಗಾಲಿ ಒಂದಿಲ್ಲ" ಅಂದು ಸೀಟಿಗೆ ಟವೆಲ್ ಹಾಕಿಬಿಟ್ಟರು. ದೋಣಿಯಲ್ಲಿ ನಕ್ಕಿದ್ದೇ ನಕ್ಕಿದ್ದು. ಇಳಿದ ಮೇಲೆ ಅಳುವುದೊಂದು ಬಾಕಿ. ಹೋಟೆಲಿಗೆ ಹೋಗಲು ಸೇತುವೆ ಹತ್ತಬೇಕು, ಇಳಿಯಬೇಕು, ಪೆಟ್ಟಿಗೆ ನಾವೇ ಹೊರಬೇಕು. ಇವರಿಗೆ ಮೊಸರು, ಬಾಳೆಹಣ್ಣು, ನಾನು ಒಯ್ದ ಅವಲಕ್ಕಿ ಬಿಟ್ಟರೆ ಬೇರೇನೂ ಇಳಿಯಲಿಲ್ಲ. ಎಲ್ಲಿ ನೋಡಿದರೂ ಜನ, ಜನ. ಕಾಲು ಸೋತು ಒಂದು ದೊಡ್ಡ ಇಗರ್ಜಿಯ ಮೆಟ್ಟಿಲ ಮೇಲೆ ಕೂತರೆ ಪೊಲೀಸಿನವರು ಎಬ್ಬಿಸಿದರು. ದಾರಿ ತಪ್ಪಿ ಒಂದು ಸಂದಿಯಲ್ಲಿ ನಡೆದೆವು, ಸಂದಿ ಹೋಗಿ ಹೋಗಿ ಸೀದಾ ನೀರಿಗೇ ಇಳಿಯಿತು. ಇವರೂ ನಾನೂ ಅಲ್ಲೇ ನಿಂತು ಜಗಳವಾಡಿದೆವು.

ಹುಣ್ಣಿಮೆಯ ಬೆಳಿಗ್ಗೆ ನೀರು ಬೀದಿಗೇ ಬಂತು. ಹಲಗೆ ಜೋಡಿಸಿ ದಾರಿ ಮಾಡಿದ್ದರು. ಟೂರಿನವರೆಲ್ಲ ಪ್ಲಾಸ್ಟಿಕ್ ಬೂಟಿಗೆ ಓಡಿದರು, ನಾನು ಸೀರೆ ಎತ್ತಿ ಸಿಕ್ಕಿಸಿ ಬರಿಗಾಲಲ್ಲಿ ಇಳಿದೆ. ಹೊಳೆ ದಂಡೆಯಲ್ಲಿ ಬೆಳೆದವಳಿಗೆ ಎಂಥ ಬೂಟು! ಒಂದು ಅಂಗಡಿಯಲ್ಲಿ ನಿನ್ನ ವಯಸ್ಸಿನ ಮುದುಕಿ ಕಸಬರಿಗೆಯಿಂದ ನೀರು ಹೊರಗೆ ತಳ್ಳುತ್ತಿದ್ದಳು. ನನ್ನನ್ನು ನೋಡಿ, ಹಿಂದೊಮ್ಮೆ ನೀರು ಎಲ್ಲಿವರೆಗೆ ಬಂದಿತ್ತೆಂದು ಗೋಡೆಯ ಮೇಲೆ ತೋರಿಸಿದಳು. ನಾನು ನಮ್ಮ ಮನೆಯದನ್ನು ತೋರಿಸಲು ಕೈಯನ್ನು ಕುತ್ತಿಗೆಗೆ ಹಿಡಿದೆ. ದೇವರ ಪೆಟ್ಟಿಗೆ ತಲೆಯ ಮೇಲಿಟ್ಟುಕೊಂಡು ನೀನು ಮಾಳಿಗೆ ಹತ್ತಿದ್ದೆಯಲ್ಲ, ಆ ವರ್ಷದ ನೀರು. ಆಕೆ ಕಸಬರಿಗೆ ಬಿಟ್ಟು ನನ್ನ ಕೈ ಹಿಡಿದಳು. ನೀನಿದ್ದರೆ ಆಕೆಯ ಕೈಯಿಂದ ಕಸಬರಿಗೆ ಕಸಿದುಕೊಂಡು, ಹೇಗೆ ತಳ್ಳಬೇಕೆಂದು ಬೈದು ಹೇಳಿಕೊಡುತ್ತಿದ್ದೆ.

ಅಂದು ಕಾರ್ತಿಕ ಹುಣ್ಣಿಮೆಯಲ್ಲವೇ? ಪ್ರತಿವರ್ಷ ನೀನು ತುಂಗಭದ್ರೆಗೆ ದೀಪ ಬಿಡುತ್ತೀ. ನಾನೂ ತುಪ್ಪದ ಬತ್ತಿ ಒಯ್ದಿದ್ದೆ. ಸಂಜೆ ಅರ್ಧ ಕಿತ್ತಳೆ ಸಿಪ್ಪೆಯಲ್ಲಿ ಬತ್ತಿ ಇಟ್ಟು ಹಚ್ಚಿ, ನಿನ್ನ ಹೆಸರು ಹೇಳಿ ನೀರಿಗೆ ಬಿಟ್ಟೆ. ನಾಲ್ಕು ಮೊಳ ಹೋಯಿತು, ನಿಂತಿತು, ತಿರುಗಿ ನನ್ನ ಮೆಟ್ಟಿಲಿಗೇ ಬಂತು. ಮತ್ತೆ ಬಿಟ್ಟೆ, ಮತ್ತೆ ಬಂತು. ನಮ್ಮ ಹೊಳೆ ಒಮ್ಮೆ ಕೊಟ್ಟದ್ದನ್ನು ಎಂದಾದರೂ ವಾಪಸು ತಂದಿದೆಯೇ? ಅಷ್ಟರಲ್ಲಿ ಪೊಲೀಸ್ ಹುಡುಗಿಯೊಬ್ಬಳು ಬೆರಳಾಡಿಸುತ್ತ ಬಂದು, ಬಗ್ಗಿ, ಬಾಯಿಂದ ಉಫ್ ಎಂದು ಊದಿ ಆರಿಸಿಬಿಟ್ಟಳು! ನಿನ್ನ ಹೆಸರಿನ ದೀಪ ಅಮ್ಮಾ. ತಿರುಗಿ ಬಂತು, ಆರಿತು, ನಿನಗೇನಾಯಿತೋ ಅಂತ ಇವರನ್ನು ಕೇಳಿದೆ. "ಸಮುದ್ರದ ನೀರದು, ಏರೋ ಹೊತ್ತಿಗೆ ಒಳಗೇ ಬರತದ, ಮಳ್ಳಿ" ಅಂತ ಇವರು ತಿಳಿಸಿ ಹೇಳಿದರು. ತಲೆಗೆ ತಿಳಿಯಿತು, ಹೊಟ್ಟೆಗೆ ತಿಳಿಯಲಿಲ್ಲ. ಬೆಳಗಾದ ಕೂಡಲೇ ನಿನಗೆ ಫೋನ್ ಮಾಡಿದೆ. ನೀನು ಎತ್ತಿ ಒಂದೇ ಮಾತು ಕೇಳಿದೆ, "ನೀರು ಎಷ್ಟು ಮೆಟ್ಟಲ ಏರ್‍ಯದ?" ಉತ್ತರ ಕೇಳದೆ ಇಟ್ಟುಬಿಟ್ಟೆ.

ಆ ಮಾತು ನನ್ನನ್ನು ಕೂರಲು ಬಿಡುತ್ತಿಲ್ಲ. ನಿನಗೆಂದು ತಂದ ಗಾಜಿನ ಹಸುವನ್ನು "ಕಡಲು ದಾಟಿದ್ದು ದೇವರ ಮುಂದ ಇಡಂಗಿಲ್ಲ" ಅಂತ ಅಣ್ಣನ ಕೈಯಲ್ಲಿ ವಾಪಸು ಕಳಿಸಿದೆ. ಸರಿ. ನಾನು ಹಸುವನ್ನು ಆ ಊರಿನ ನಕ್ಷೆಯಲ್ಲಿ ಸುತ್ತಿ ಕೊಟ್ಟಿದ್ದೆ. ಹಸು ತಿರುಗಿ ಬಂದದ್ದು ತೆಲುಗು ಪೇಪರಿನಲ್ಲಿ! ಮೊನ್ನೆ ವೈನಿ ತಾನೇ ಬಾಯಿ ಬಿಟ್ಟಳು. ಊಟವಾದ ಮೇಲೆ ನೀನು ದಿಂಬಿನ ಕೆಳಗಿನಿಂದ ಆ ನಕ್ಷೆ ತೆಗೆದು, ಭೂತಗನ್ನಡಿ ಹಿಡಿದು, "ಈ ದೋಣಿ ಎಲ್ಲಿ ನಿಲ್ಲತದ?" ಅಂತ ಮೊಮ್ಮಗಳು ಹರ್ಷಿತಾಳನ್ನು ಕೇಳುತ್ತೀಯಂತೆ. ಹಸುವಿಗೆ ಮೈಲಿಗೆ, ನಕ್ಷೆಗಿಲ್ಲವೇ? ಸಿಕ್ಕಿಬಿದ್ದೆಯಮ್ಮಾ! ನಿನ್ನ ಸಿಟ್ಟು ನಾನು ಕಡಲು ದಾಟಿದ್ದಕ್ಕಲ್ಲ. ನಾವು ಹೊರಡುವ ಮುಂಚೆ ನೀನು "ಮುದುಕರನ್ನ ವಿಮಾನದಾಗ ಹತ್ತಿಸ್ಕೊಂತಾರೇನು?" ಅಂತ ಕೇಳಿದ್ದೆ. ನಾವೆಲ್ಲ ತಮಾಷೆ ಅಂದುಕೊಂಡೆವು. ನೀನು ತಮಾಷೆ ಮಾಡಿರಲಿಲ್ಲ. ವೈನಿಯ ಫೋನ್ ಇಟ್ಟು ನಾನು ಅತ್ತೆ, ಆಮೇಲೆ ನಕ್ಕೆ, ಮತ್ತೆ ಅತ್ತೆ.

ಅಣ್ಣನಿಗೂ ವೈನಿಗೂ ನಮಸ್ಕಾರ ತಿಳಿಸು, ಹರ್ಷಿತಾಳಿಗೆ ನನ್ನ ಮುದ್ದು. ನಿನ್ನ ಆಶೀರ್ವಾದವನ್ನು ಬಾಗಿಲ ಸಂದಿಯಿಂದಲಾದರೂ ಕೊಡು. ನನಗೆ ಅಷ್ಟು ಸಾಕಾಗುವುದಿಲ್ಲ, ಆದರೂ ಕೊಡು.

ನಿನ್ನ ಮೊಂಡ ಮಗಳು,
ಸುಮೇಧಾ

ತಾ.ಕ.: ಟಪಾಲಿನ ಹೊತ್ತಾಯಿತು, ಮುಖ್ಯ ಮಾತೇ ಉಳಿಯಿತು. ಮುಂದಿನ ವಾರ ಗುರುವಾರ ಅಣ್ಣ ಮಂತ್ರಾಲಯಕ್ಕೆ ಹೋಗುತ್ತಾನಂತೆ. ಅಂದು ಬೆಳಿಗ್ಗೆ ಇವರು ಕಾರು ತರುತ್ತಾರೆ. ನಿನ್ನ ಹಸಿರು ಸೀರೆ ಉಟ್ಟುಕೊಂಡಿರು. ಪಾಸ್‌ಪೋರ್ಟಿಗೆ ಫೋಟೊ ತೆಗೆಸುವುದಿದೆ, ನಗಬಾರದಂತೆ, ಅದು ನಿನಗೇನೂ ಕಷ್ಟವಿಲ್ಲ. ಬರುವ ಕಾರ್ತಿಕಕ್ಕೆ ನಿನ್ನ ದೀಪ ನೀನೇ ಬಿಡು, ನೀರು ಎಷ್ಟು ಮೆಟ್ಟಿಲು ಏರುತ್ತದೆಂದು ನೀನೇ ಎಣಿಸು. ಬರುತ್ತೇನೆ ಅಂತ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಒಲ್ಲೆ ಅನ್ನುವುದಾದರೆ ಮಾತ್ರ ನಕ್ಷೆ ವಾಪಸು ಕಳಿಸು.