ಕಳಿಸಿಕೊಟ್ಟ ಮೇಲಿನ ಪ್ರಶ್ನೆ

ನವೆಂಬರ್ ೧೭, ಭಾನುವಾರ
ಮಧ್ಯಾಹ್ನ

ಪ್ರೀತಿಯ ಮೇಷ್ಟ್ರೇ,

ನಮಸ್ಕಾರ ಎಂದು ಬರೆದರೆ ನಗುತ್ತೀರಿ, ಕ್ಷೇಮವೇ ಎಂದು ಕೇಳಿದರೆ ಸಿಟ್ಟಾಗುತ್ತೀರಿ. ಹಾಗಾಗಿ ಎರಡನ್ನೂ ಬಿಟ್ಟಿದ್ದೇನೆ. ಫೋನ್ ಮಾಡಿದರೆ ನಿಮ್ಮ ಅಕ್ಕ ಎತ್ತಿಕೊಂಡು, "ಅವನು ಮಲಗಿದಾನಮ್ಮಾ" ಅನ್ನುತ್ತಾರೆ. ಬೆಳಗ್ಗೆಯೂ ಮಲಗಿರುತ್ತೀರಿ, ಸಂಜೆಯೂ ಮಲಗಿರುತ್ತೀರಿ. ಒಂದು ತರಗತಿ ತುಂಬ ಮಕ್ಕಳನ್ನು ಕಣ್ಣಲ್ಲೇ ಸುಮ್ಮನಾಗಿಸುವ ಮನುಷ್ಯ ಹೀಗೆ ಮುಸುಕು ಹೊದ್ದು ಮಲಗುವುದೆಂದರೇನು? ಅದಕ್ಕೇ ಈ ಕಾಗದ. ಇದಕ್ಕೆ ಅತ್ತಿಗೆ ನೆಪ ಹೇಳಲಾರರು.

ಗುರುವಾರ ಹೋಗಿ ಅಳಿಲನ್ನು ನೋಡಿಕೊಂಡು ಬಂದೆ. ಮೊದಲೇ ಹೇಳಿಬಿಡುತ್ತೇನೆ, ಚೆನ್ನಾಗಿದ್ದಾಳೆ. ಉಸಿರು ಬಿಟ್ಟು ಮುಂದಿನದನ್ನು ಓದಿ.

ಹೋಗುವ ಹಾಗಾದದ್ದು ನನ್ನ ಕೆಲಸದಿಂದ. ಸ್ಟಾಫ್ ರೂಮಿನಲ್ಲಿ ಯಾರಾದರೂ ಹೆಂಡತಿಗೆ ಏನು ಕೆಲಸ ಎಂದು ಕೇಳಿದರೆ, "ಬೇರೆಯವರು ಬರೆದಿದ್ದನ್ನ ಇನ್ಯಾರ ಕೈಲೋ ಓದಿಸ್ತಾಳೆ, ಅವರು ಬರೆದಿದ್ದನ್ನ ತಾನು ಓದ್ತಾಳೆ" ಅನ್ನುತ್ತಿದ್ದಿರಲ್ಲ, ಅದೇ ಕೆಲಸ. ಯುದ್ಧವೋ ನೆರೆಯೋ ಭೂಕಂಪವೋ ಆದ ಕಡೆ ಮಕ್ಕಳನ್ನು ಕಾಪಾಡಲು ಯಾರು ಏನು ಮಾಡಿದರು, ಯಾವುದರಿಂದ ನಿಜವಾಗಿ ಒಳ್ಳೆಯದಾಯಿತು, ಯಾವುದು ಬರೀ ಬೋರ್ಡು ಹಾಕಿ ಕೈತೊಳೆದುಕೊಂಡದ್ದು ಎಂಬುದನ್ನು ನಡೆದ ಅಧ್ಯಯನಗಳನ್ನೆಲ್ಲ ಜಾಲಾಡಿ ಹೇಳಿ ಎಂದು ವಿಶ್ವವಿದ್ಯಾಲಯದವರಿಗೆ ವಹಿಸುವುದು. ಅವರು ಹುಡುಕಬೇಕಾದ ಪ್ರಶ್ನೆಗಳನ್ನು ಬರೆದುಕೊಡುವವಳು ನಾನು. ಈ ಸಲದ ವಿಷಯ, ಹೆತ್ತವರಿಂದ ಬೇರೆಯಾದ ಮಕ್ಕಳು ಮರಳಿ ಅವರನ್ನು ಸೇರಿದ ಮೇಲೆ ಹೇಗಿರುತ್ತಾರೆ ಎಂಬುದು.

ಬರೆಯಲು ಕೂತರೆ ಕೈ ಓಡಲಿಲ್ಲ. ನದಿಯಾಚೆ ಗುಂಡು ಹಾರಲು ಶುರುವಾದ ವರ್ಷ ನಿರಾಶ್ರಿತರ ಶಿಬಿರದಿಂದ ಆ ಪುಟ್ಟ ಹುಡುಗಿಯನ್ನು ಮನೆಗೆ ಕರೆತಂದದ್ದು ನೆನಪಾಯಿತು. ಹೆತ್ತವರು ಸಿಗುವವರೆಗೆ ಮಾತ್ರ ಎಂದು ಹೇಳಿಯೇ ಕೊಟ್ಟಿದ್ದರು. "ಸಿಕ್ಕಾಗ ನೋಡೋಣ ಬಿಡೆ" ಎಂದು ನೀವು ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡಿರಿ. ಕೊಟ್ಟ ಬ್ರೆಡ್ಡಿನಲ್ಲಿ ಅರ್ಧ ತಿಂದು ಉಳಿದದ್ದನ್ನು ದಿಂಬಿನ ಕೆಳಗೆ ಬಚ್ಚಿಡುತ್ತಿದ್ದಳು. ಅದಕ್ಕೇ ಅಳಿಲು ಎಂದು ಹೆಸರಿಟ್ಟಿರಿ. ನಾನು ಬೈದೇನೆಂದು ಅವಳು ಮುದುಡಿಕೊಂಡದ್ದನ್ನು ನೋಡಿ, ನೀವೂ ನಿಮ್ಮ ದಿಂಬಿನ ಕೆಳಗೆ ಬ್ರೆಡ್ಡು ಇಟ್ಟುಕೊಂಡು ಮಲಗಿದಿರಿ. ಇರುವೆ ಮಾತ್ರ ನನ್ನ ಪಾಲಿಗೆ ಬಂದವು.

ಆಮೇಲೆ ನಮ್ಮ ಆಫೀಸಿನಲ್ಲಿ ತಪ್ಪಿಹೋದವರನ್ನು ಹುಡುಕುವ ವಿಭಾಗದ ಆ ಬೋಳುತಲೆಯವರು, ಕ್ಯಾಂಟೀನಿನಲ್ಲಿ ಮಾತಿಗೆ ಮಾತು ಬಂದು, ಇನ್ನೊಂದು ಶಿಬಿರದಲ್ಲಿ ಒಬ್ಬ ಹೆಂಗಸು ಎಡಗಿವಿ ಹರಿದ ಮಗಳನ್ನು ಹುಡುಕುತ್ತಿದ್ದಾಳೆ ಎಂದರು. ಅಳಿಲಿಗೆ ತಲೆ ಬಾಚುವಾಗ ನಾನು ಕೂದಲಿನಿಂದ ಮುಚ್ಚುತ್ತಿದ್ದ ಅದೇ ಕಿವಿ. ಮಗು ನಮ್ಮ ಮನೆಯಲ್ಲಿದೆ ಎಂದು ಅಲ್ಲೇ ಹೇಳಿಬಿಟ್ಟೆ. ನಿಮಗೆ ಮೊದಲು ಫೋನ್ ಮಾಡಲಿಲ್ಲ. ಮಾಡಿದ್ದರೆ, ಫೋನಿನಲ್ಲಿ ನಿಮ್ಮ ಹಿಂದೆ ಅವಳು ಪದ್ಯ ಹೇಳುವುದು ಕಿವಿಗೆ ಬಿದ್ದಿದ್ದರೆ, ನನ್ನ ಬಾಯಿ ಕಟ್ಟಿಹೋಗುತ್ತಿತ್ತು. ನೀವು ಅದನ್ನು ಮೋಸ ಎಂದಿರಿ. "ಒಂದು ವರ್ಷ ತಡವಾಗಿ ಹೇಳಿದ್ರೆ ಯಾರ ಗಂಟು ಹೋಗ್ತಿತ್ತು?" ಎಂದಿರಿ. ಆ ತಾಯಿಯದು ಹೋಗುತ್ತಿತ್ತು ಮೇಷ್ಟ್ರೇ. ಅವತ್ತೂ ಅದೇ ಹೇಳಿದ್ದೆ, ಇವತ್ತೂ ಅದೇ ಹೇಳುತ್ತೇನೆ.

ಅವಳನ್ನು ತಾಯಿಯ ಹತ್ತಿರ ಕರೆದೊಯ್ಯಲು ಜೀಪು ಬಂದ ದಿನ ನೀವು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಕೂತಿರಿ. ಹೊಸ ಚಪ್ಪಲಿ ಹಾಕಿಕೊಂಡು ಅಳಿಲು ಬಾಗಿಲು ಬಡಿದಳು. ನೀರಿನ ಸದ್ದಿನಲ್ಲಿ ನಿಮಗೆ ಕೇಳಿಸಿರಲಿಕ್ಕಿಲ್ಲ. ಹಾಗೆಂದೇ ನಂಬಿದ್ದೇನೆ. ಆಮೇಲೆ ಈ ಮನೆಯಲ್ಲಿ ಇರಲಾರೆ ಎಂದು ಅಕ್ಕನ ಮನೆಗೆ ಹೊರಟಿರಿ. ಹೊರಡುವಾಗ, "ನಿನ್ನ ವರದಿಗಳಲ್ಲಿ ನಮ್ಮನೆ ಯಾವ ಪುಟದಲ್ಲಿದೆ ಹುಡುಕಿ ಹೇಳು" ಎಂದಿರಿ.

ಹುಡುಕಿಸಿದೆ. ನಡುವೆ ಸಾಕಿದ ಮನೆಯನ್ನು ಬಿಟ್ಟು ಹೋಗುವಾಗ ಮಗುವಿನ ಮನಸ್ಸಿಗೆ ಏನಾಗುತ್ತದೆ ಎಂಬ ಪ್ರಶ್ನೆಯನ್ನೂ ಸೇರಿಸಿದೆ. ಕರಡು ಓದಿದ ನಮ್ಮ ಮುಖ್ಯಸ್ಥೆ ಕನ್ನಡಕದ ಮೇಲಿಂದ ನೋಡಿ, "ಇದು ನಿಮ್ಮ ಮನೆ ಪ್ರಶ್ನೆ ಅಲ್ವೇನ್ರೀ?" ಎಂದರು. ಹೌದು ಮೇಡಂ ಎಂದೆ. ಪೆನ್ನು ತೆಗೆದು, "ಇರ್ಲಿ ಬಿಡಿ. ಯಾರಾದ್ರೂ ಕೇಳ್ಬೇಕಲ್ಲ" ಎಂದು ಸಹಿ ಹಾಕಿದರು.

ಕೆಲಸ ವಹಿಸಿಕೊಂಡ ತಂಡದ ಹುಡುಗಿ ಚೂಟಿ. ಹೋದ ತಿಂಗಳು ಫೋನ್ ಮಾಡಿದಳು. "ಮೇಡಂ, ಉಳಿದಿದ್ದಕ್ಕೆಲ್ಲ ಏನಾದ್ರೂ ಸಿಕ್ತು. ಆ ಒಂದು ಪ್ರಶ್ನೆಗೆ ಮಾತ್ರ ಏನೂ ಇಲ್ಲ. ಮಗೂನ ತಾಯಿ ಕೈಗೆ ಕೊಟ್ಟು ಫೋಟೋ ತೆಗೆಯೋ ಹೊತ್ತಿಗೆ ಎಲ್ಲರ ಅಧ್ಯಯನಾನೂ ಮುಗಿದುಹೋಗುತ್ತೆ. ಆಮೇಲೆ ಮಗೂನ ಯಾರೂ ಏನೂ ಕೇಳಿಲ್ಲ" ಎಂದಳು. ಪುರಾವೆ ಸಿಗಲಿಲ್ಲ ಎಂದು ಬರೆಯಲೇ ಎಂದು ಕೇಳಿದಳು. ಬರೀಮ್ಮಾ ಎಂದೆ. ಫೋನ್ ಇಟ್ಟು ನಾನು ಕಡತಗಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ನಮ್ಮ ಮನೆ ಯಾವ ಪುಟದಲ್ಲೂ ಇಲ್ಲ ಮೇಷ್ಟ್ರೇ.

ಅದಕ್ಕೇ ನಾನೇ ಹೋದೆ. ಬೋಳುತಲೆಯವರು ಮೊದಲು ತಾಯಿಯನ್ನು ಕೇಳಿದರು. ಬೇಡ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. "ಬರ್ಲಿ, ಮಗೂನ ಸಾಕಿದೋರು" ಎಂದಳಂತೆ. ಅವರಿರುವುದು ಊರಂಚಿನಲ್ಲಿ, ತಗಡಿನ ಮಾಡಿನ ಸಾಲುಮನೆಯೊಂದರಲ್ಲಿ. ತಾಯಿ ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ಇಸ್ತ್ರಿ ಮಾಡುತ್ತಾಳೆ. ಚಿಕ್ಕ ವಯಸ್ಸು, ಮುಂಗೈ ತುಂಬ ಸುಟ್ಟ ಗುರುತು. ನನ್ನನ್ನು ಕೂರಿಸಿ ತಾನು ನಿಂತೇ ಇದ್ದಳು. ಮನೆಯಲ್ಲಿದ್ದದ್ದು ಒಂದೇ ಕುರ್ಚಿ.

ಅಳಿಲು ಉದ್ದವಾಗಿದ್ದಾಳೆ. ಮುಂದಿನ ಹಲ್ಲು ಬಿದ್ದಿವೆ. ತಾಯಿಯ ಸೆರಗು ಹಿಡಿದುಕೊಂಡೇ ನನ್ನನ್ನು ನೋಡಿದಳು. "ಯಾರು ಹೇಳು ಇವರು?" ಎಂದು ತಾಯಿ ಕೇಳಿದಳು. ಮಗು ನನ್ನ ಚೀಲ ನೋಡಿತು, ಚಪ್ಪಲಿ ನೋಡಿತು, "ಆಫೀಸಿನೋರು" ಎಂದಿತು.

ತಾಯಿ ಪಾಪ, ನಾಚಿ ನೀರಾದಳು. "ಏನೂ ಅಂದ್ಕೋಬೇಡಿ ಅಕ್ಕಾ" ಎಂದು ನನ್ನ ಕೈ ಹಿಡಿದುಕೊಂಡಳು. ನಾನು ನಕ್ಕೆ. ಹೇಗೆ ನಕ್ಕೆನೋ ಗೊತ್ತಿಲ್ಲ. ಅಳಿಲು ಶಾಲೆಗೆ ಹೋಗುತ್ತಾಳಂತೆ, ಲೆಕ್ಕದಲ್ಲಿ ಚುರುಕಂತೆ, ರಾತ್ರಿ ಬೆಚ್ಚಿ ಏಳುವುದು ನಿಂತಿದೆಯಂತೆ. ನಾವಿಬ್ಬರೂ ಅವಳ ನೆನಪಿನಲ್ಲಿಲ್ಲ. ಇರದಿರುವುದೇ ಒಳ್ಳೆಯದಲ್ಲವೇ? ಹೀಗಂದುಕೊಂಡು ಬಸ್ಸು ಹತ್ತಿದೆ. ನೀವೂ ಹೀಗೇ ಅಂದುಕೊಂಡು ಎದ್ದು ಕೂರಿ, ಗಡ್ಡ ಬೋಳಿಸಿಕೊಳ್ಳಿ. ಬಾ ಎಂದು ನಾನು ಕರೆಯುವುದಿಲ್ಲ. ಬಾಗಿಲ ಬೀಗ ಮಾತ್ರ ಹಳೆಯದೇ ಇದೆ.

ನಿಮ್ಮವಳು

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದು ಎಂದುಕೊಂಡದ್ದು. ಮೇಲಿನದರಲ್ಲಿ ಒಂದು ಸುಳ್ಳಿದೆ. ಅವಳು ನಮ್ಮನ್ನು ಮರೆತಿಲ್ಲ. ನಾನು ಬಸ್ ನಿಲ್ದಾಣ ಮುಟ್ಟುವಷ್ಟರಲ್ಲಿ ಹಿಂದಿನಿಂದ ಓಡಿಬಂದು ಚೀಲ ಹಿಡಿದು ಜಗ್ಗಿದಳು. "ಮೇಷ್ಟ್ರಿಗೆ ಇನ್ನೂ ಕೋಪಾನಾ?" ಎಂದಳು. ಯಾಕೆ ಕೋಪ ಎಂದು ಕೇಳಿದೆ. ಹೋಗುವ ವಾರ ಅವಳು ನಿಮ್ಮ ಕನ್ನಡಕದ ಮೇಲೆ ಕೂತು ಮುರಿದಿದ್ದಳಂತೆ. ನೀವು ನಕ್ಕು ಟೇಪು ಸುತ್ತಿದಿರಂತೆ. ನನಗೆ ಗೊತ್ತೇ ಇರಲಿಲ್ಲ. "ಅದಕ್ಕೇ ತಾನೆ ನನ್ನ ಕಳಿಸಿಬಿಟ್ಟಿದ್ದು? ಅದಕ್ಕೇ ತಾನೆ ಬಾಗಿಲು ತೆಗೀಲಿಲ್ಲ?" ಎಂದಳು. ಅಲ್ಲಾ ಕಂದಾ, ಅಮ್ಮ ಸಿಕ್ಕಿದ್ದಕ್ಕೆ ಎಂದೆ. ಮಂಡಿಯೂರಿ ಎಷ್ಟು ಸಲ ಹೇಳಿದರೂ ನಂಬಲಿಲ್ಲ. "ಅವರು ಹೇಳ್ಲಿ" ಎಂದು ಚೀಲ ಬಿಟ್ಟು ಓಡಿಹೋದಳು. ಶನಿವಾರ ತಾಯಿಗೆ ರಜೆ. ನೀವು ಬರಬಹುದು ಎಂದು ಹೇಳಿ ಬಂದಿದ್ದೇನೆ.